ಬಳಸಿದ ಫೆರಿಕ್ ಕ್ಲೋರೈಡ್ ಸಿಂಕಿಗೆ ಸುರೀಬಹುದಾ? ಒಂದು ಸ್ಪಷ್ಟನೆ

ಮನೇಲಿ ಪಿಸಿಬಿ ಎಚಿಂಗ್ (ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬೋರ್ಡ್ ಮೇಲಿನ ಬೇಡದ ತಾಮ್ರನ ರಾಸಾಯನಿಕದಲ್ಲಿ ಕರಗಿಸಿ ತೆಗೆಯೋದು) ಮಾಡಿ ಉಳಿದ ಫೆರಿಕ್ ಕ್ಲೋರೈಡಿಗೆ ಜಾಸ್ತಿ ನೀರು ಬೆರೆಸಿ ಸಿಂಕಿಗೆ ಸುರಿದ್ರೆ ಏನೂ ಆಗಲ್ಲ, ಕೊಳಚೆ ನೀರು ಶುದ್ಧ ಮಾಡೋಕೂ ಅದನ್ನೇ ಹಾಕ್ತಾರಲ್ವಾ ಅಂತ ಒಂದು ಮೆಸೇಜು ಓಡಾಡ್ತಿದೆ. ಹಾಕ್ತಾರೆ ನಿಜ, ಆದ್ರೆ ಅದು ಬಳಸದೇ ಇರೋದು. ನಿಮ್ಮ ಟ್ರೇಲಿರೋದು ಬೇರೆನೇ, ಬೋರ್ಡ್ ಮೇಲಿದ್ದ ತಾಮ್ರ ಎಲ್ಲೂ ಮಾಯ ಆಗಿಲ್ಲ, ಕಾಪರ್ ಕ್ಲೋರೈಡ್ ಆಗಿ ಅದರಲ್ಲೇ ಕರಗಿ ಕೂತಿದೆ, ಮೀನಿಗೆ ಪಾಚಿಗೆ ಅದು ವಿಷ, ನೀರು ಬೆರೆಸಿದ್ರೆ ತೆಳು ಆಗತ್ತೆ ಅಷ್ಟೇ, ತಾಮ್ರ ಹೋಗಲ್ಲ. ಸ್ಟೇನ್‌ಲೆಸ್ ಸ್ಟೀಲ್ ಸಿಂಕನ್ನೂ ತಿಂದು ಗುಳಿ ಬೀಳಿಸತ್ತೆ (ನಮ್ಮನೆ ಸಿಂಕೇ ಸಾಕ್ಷಿ, ಅಮ್ಮ ಇನ್ನೂ ಬೈತಾರೆ).

ಎಸೆಯೋಕೆ ಅವಸರನೂ ಬೇಡ, ಪ್ಲಾಸ್ಟಿಕ್ ಬಾಟಲಿಲಿ ಇಟ್ರೆ ಇನ್ನೂ ಎಷ್ಟೋ ಬೋರ್ಡಿಗೆ ಬರತ್ತೆ. ಪೂರ್ತಿ ಶಕ್ತಿ ಕಳ್ಕೊಂಡ ಮೇಲೆ ಪ್ಲಾಸ್ಟಿಕ್ ಬಕೆಟ್‌ಗೆ ಹಾಕಿ, ಗ್ಲೌಸ್ ಕನ್ನಡಕ ಹಾಕ್ಕೊಂಡು, ವಾಷಿಂಗ್ ಸೋಡಾ ಸ್ವಲ್ಪಸ್ವಲ್ಪನೇ ಸೇರಿಸಿ, ಒಟ್ಟಿಗೆ ಸುರಿದ್ರೆ ನೊರೆ ಉಕ್ಕಿ ನೆಲವೆಲ್ಲಾ ಕಂದು ಕಲೆ. ನೊರೆ ನಿಂತ್ಮೇಲೆ ತಳಕ್ಕೆ ಕೂರೋ ಕೆಸರಲ್ಲೇ ತಾಮ್ರ ಇರೋದು, ಅದನ್ನ ಒಣಗಿಸಿ ಡಬ್ಬಕ್ಕೆ ತುಂಬಿ ಅಪಾಯಕಾರಿ ಕಸ ಅಂತ ಬರೆದು ಬೇರೆಯಾಗೇ ಕೊಡಿ, ಗಿಡದ ಬುಡಕ್ಕಂತೂ ಹಾಕ್ಲೇಬೇಡಿ.