ಓಬವ್ವನಿಗೆ ಬಣ್ಣ ಕಡಿಮೆ ಅಂದರು

ಕಳೆದ ನವೆಂಬರಿನಲ್ಲಿ ತಮ್ಮನ ಮನೆ ಗೃಹಪ್ರವೇಶಕ್ಕೆಂದು ಎರಡು ವಾರ ರಜೆ ಹಾಕಿ ಮೈಸೂರಿಗೆ ಹೋಗಿದ್ದೆವು. ಅಕ್ಕ ಇರುವ ಅಪಾರ್ಟ್‌ಮೆಂಟಿನಲ್ಲಿ ಅದೇ ಭಾನುವಾರ ರಾಜ್ಯೋತ್ಸವ. ಮಕ್ಕಳಿಂದ ಹತ್ತು ನಿಮಿಷದ ಒನಕೆ ಓಬವ್ವ ರೂಪಕ ಇತ್ತು. ನನ್ನ ಮಗಳಿಗೆ ಹನ್ನೊಂದು ವರ್ಷ, ಹುಟ್ಟಿದ್ದು ಬೆಳೆದದ್ದು ಎಲ್ಲ ಇಲ್ಲೇ, ಅಮೆರಿಕದ ಜೆರ್ಸಿ ಸಿಟಿಯಲ್ಲಿ. ಅವಳ ಕನ್ನಡವೆಲ್ಲ ಅಜ್ಜಿಯ ವಿಡಿಯೋ ಕಾಲ್‌ನಲ್ಲಿ ಕಲಿತದ್ದು. ಆದರೂ ಮೂರೇ ದಿನದಲ್ಲಿ ಓಬವ್ವನ ಮಾತು ಪೂರ್ತಿ ಬಾಯಿಪಾಠ ಮಾಡಿದ್ದಳು.

ರಿಹರ್ಸಲ್ ದಿನ, ರೂಪಕ ಮಾಡಿಸುತ್ತಿದ್ದ ಹಿರಿಯರೊಬ್ಬರು ಅವಳ ಗಲ್ಲ ಹಿಡಿದು ಪ್ರೀತಿಯಿಂದಲೇ ಹೇಳಿದರು: 'ಪುಟ್ಟಿ ಚೆನ್ನಾಗಿ ಹೇಳ್ತಾಳೆ. ಆದ್ರೆ ಸ್ವಲ್ಪ ಬಣ್ಣ ಕಡಿಮೆ, ಲೈಟಿಗೆ ಎದ್ದು ಕಾಣಲ್ಲ. ಓಬವ್ವ ಅಂದ್ರೆ ಮುಖದಲ್ಲಿ ಒಂದು ಕಳೆ ಬೇಕಲ್ವಾ?'

ಓಬವ್ವನ ಪಾತ್ರ ಇನ್ನೊಂದು ಮಗುವಿಗೆ ಹೋಯಿತು. ನನ್ನ ಮಗಳು ಹೈದರಾಲಿಯ ಸೈನಿಕಳಾದಳು. ಕಾಡಿಗೆಯಲ್ಲಿ ಮೀಸೆ ಬರೆದರು. ರಟ್ಟಿನ ಕಿಂಡಿಯಿಂದ ತಲೆ ಹೊರಗೆ ಹಾಕಿದಳು, ಥರ್ಮೋಕೋಲಿನ ಒನಕೆಯಿಂದ ಪೆಟ್ಟು ತಿಂದಳು, ಬಿದ್ದಳು. ಓಬವ್ವ ಮೈಸೂರು ಸಿಲ್ಕ್ ಉಟ್ಟು, ಡಾಬು, ವಂಕಿ, ಎರಡೆಳೆ ಮುತ್ತಿನ ಸರ ಹಾಕಿಕೊಂಡಿದ್ದಳು. ಊಟಕ್ಕೆ ಕೂತ ಕಾವಲುಗಾರ ಗಂಡನಿಗೆ ನೀರು ತರಲು ಹೋದ ಹೆಂಗಸು ಡಾಬು ಕಟ್ಟಿಕೊಂಡು ಹೋಗಿದ್ದಳೇ ಎಂದು ಯಾರೂ ಕೇಳಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಮೀಸೆ ಒರೆಸುವಾಗ ಮಗಳು ಕೇಳಿದಳು: 'ಅಪ್ಪಾ, ನಿಜವಾದ ಓಬವ್ವ ಬೆಳ್ಳಗಿದ್ಲಾ?'

ಆ ಪ್ರಶ್ನೆ ವಿಮಾನದಲ್ಲೂ ನನ್ನನ್ನು ಬಿಡಲಿಲ್ಲ.

ಜೆರ್ಸಿ ಸಿಟಿಯಲ್ಲಿ ನಮಗೊಬ್ಬ ಪಕ್ಕದ ಮನೆ ಹುಡುಗಿಯಂಥ ನಾಯಕಿ ಇದ್ದಾಳೆ. ಹೆಸರು ಕಮಲಾ ಖಾನ್, ಮಾರ್ವೆಲ್ ಕಾಮಿಕ್ಸ್ ಎಂಬ ಚಿತ್ರಕಥೆ ಪುಸ್ತಕಗಳವಳು. ಅಪ್ಪ ಅಮ್ಮ ಪಾಕಿಸ್ತಾನದಿಂದ ಬಂದವರು, ಮನೆ ಇದೇ ಊರಿನಲ್ಲಿ. 2013ರಲ್ಲಿ ಮೊದಲು ಕಾಣಿಸಿಕೊಂಡಳು, 2014ರಲ್ಲಿ ಮಿಸ್ ಮಾರ್ವೆಲ್ ಎಂಬ ತನ್ನದೇ ಪುಸ್ತಕಮಾಲೆ ಪಡೆದಳು. ಬರೆದದ್ದು ಜಿ. ವಿಲ್ಲೋ ವಿಲ್ಸನ್, ಚಿತ್ರ ಏಡ್ರಿಯನ್ ಆಲ್ಫೋನಾ. ಆದರೆ ಬೀಜ ಬಿದ್ದದ್ದು ಸನಾ ಅಮಾನತ್ ಎಂಬ ಸಂಪಾದಕಿಯಿಂದ. ನ್ಯೂ ಜೆರ್ಸಿಯಲ್ಲಿ ಮುಸ್ಲಿಂ ಮನೆಯ ಹುಡುಗಿಯಾಗಿ ಬೆಳೆದ ತನ್ನ ಕಥೆಗಳನ್ನು ಆಕೆ ಆಫೀಸಿನಲ್ಲಿ ಹೇಳುತ್ತಿದ್ದರು, ಅದೇ ಪುಸ್ತಕವಾಯಿತು.

ಅದರ ಮೊದಲ ಸಂಚಿಕೆಗಳನ್ನು ಮಗಳು ನನಗೆ ಓದಿ ಹೇಳಿದ್ದಳು. ರೂಪ ಬದಲಿಸುವ ಅದ್ಭುತ ಶಕ್ತಿ ಸಿಕ್ಕ ಕ್ಷಣ ಕಮಲಾ ಏನಾಗುತ್ತಾಳೆ ಗೊತ್ತೇ? ಬೆಳ್ಳಗೆ, ಎತ್ತರ, ಹೊಂಬಣ್ಣದ ಕೂದಲು, ತೊಡೆಯವರೆಗಿನ ಬೂಟು. ಅವಳು ಆರಾಧಿಸುತ್ತಿದ್ದ ಹಳೆಯ ಮಿಸ್ ಮಾರ್ವೆಲ್‌ನದೇ ರೂಪ. ಆಸೆಪಟ್ಟದ್ದು ಸಿಕ್ಕಿತು, ಆದರೆ ಒಗ್ಗುವುದಿಲ್ಲ. ಬಟ್ಟೆ ಎಲ್ಲೆಲ್ಲೋ ಸಿಕ್ಕಿಕೊಳ್ಳುತ್ತದೆ, ಕೂದಲು ಮುಖಕ್ಕೆ ಬೀಳುತ್ತದೆ. ನೀರಿಗೆ ಬಿದ್ದ ಸಹಪಾಠಿಯನ್ನು ಆ ವೇಷದಲ್ಲೇ ಎತ್ತುತ್ತಾಳೆ. ಆಮೇಲೆ ನಿಧಾನಕ್ಕೆ ತನ್ನದೇ ಮುಖ ಇಟ್ಟುಕೊಂಡು ಅದೇ ಕೆಲಸ ಮಾಡಲು ಕಲಿಯುತ್ತಾಳೆ. ಮಗಳು ಆ ಪುಟದ ಮೇಲೆ ಬೆರಳಿಟ್ಟು ಬಹಳ ಹೊತ್ತು ಸುಮ್ಮನಿದ್ದಳು. ಆಗ ಅವಳಿಗೆ ಎಂಟು ವರ್ಷ.

ಇಂಥ ಪಾತ್ರಕ್ಕೆ ಯಾರನ್ನು ಹಾಕುವುದು? ಮಾರ್ವೆಲ್‌ನವರಿಗೆ ಹೆಸರಾಂತ ನಟಿಯರಿಗೇನು ಬರವೇ? ಅವರು ಎಲ್ಲರಿಗೂ ಬಾಗಿಲು ತೆರೆದರು. ಆ ಆಡಿಷನ್ ಸುದ್ದಿ ಕೆನಡಾದ ಮಾರ್ಕಮ್‌ನಲ್ಲಿದ್ದ ಇಮಾನ್ ವೆಲ್ಲಾನಿ ಎಂಬ ಹೈಸ್ಕೂಲ್ ಹುಡುಗಿಗೆ ತಲುಪಿದ್ದು ಹೇಗೆಂದರೆ, ಅವಳ ಆಂಟಿ ವಾಟ್ಸ್ಆ್ಯಪ್‌ನಲ್ಲಿ ಫಾರ್ವರ್ಡ್ ಮಾಡಿದ್ದರಿಂದ! ಕರಾಚಿಯಲ್ಲಿ ಹುಟ್ಟಿದವಳು, ಅದುವರೆಗೆ ಒಂದು ಸಿನಿಮಾ ಮಾಡಿದವಳಲ್ಲ. ಆದರೆ ಕಮಲಾಳ ಪುಸ್ತಕಗಳ ಹುಚ್ಚು ಎಷ್ಟಿತ್ತೆಂದರೆ, ಶಾಲೆಯ ಹ್ಯಾಲೊವೀನ್‌ಗೆ ಅದೇ ವೇಷ ಹಾಕಿಕೊಂಡು ಹೋಗಿದ್ದಳಂತೆ. 2022ರಲ್ಲಿ ಆರು ಕಂತುಗಳ ಧಾರಾವಾಹಿ ಬಂತು, ಮರುವರ್ಷ ದಿ ಮಾರ್ವೆಲ್ಸ್ ಚಿತ್ರದಲ್ಲಿ ಅವಳೇ ದೊಡ್ಡ ಪರದೆಗೂ ಬಂದಳು. ಪಾತ್ರಕ್ಕೆ ಯಾರು ಸೇರಿದವರೋ ಅವರನ್ನು ಹುಡುಕಿಕೊಂಡು ಹೋದರಲ್ಲ, ಆ ತಾಳ್ಮೆ ನನಗೆ ದೊಡ್ಡದಾಗಿ ಕಾಣುತ್ತದೆ. ಧಾರಾವಾಹಿಯ ಕೊನೆಗೆ ಕಮಲಾಳ ವೀರವೇಷವನ್ನು ಅವಳ ಅಮ್ಮನೇ ಮಾಡಿ ಕೈಗಿಡುತ್ತಾಳೆ. ಆ ದೃಶ್ಯದಲ್ಲಿ ನನ್ನ ಹೆಂಡತಿ ಎದ್ದು ಅಡುಗೆಮನೆಗೆ ಹೋದಳು, ಅಳುವುದು ಮಗಳಿಗೆ ಕಾಣಬಾರದೆಂದು.

2018ರ ಬ್ಲ್ಯಾಕ್ ಪ್ಯಾಂಥರ್ ಚಿತ್ರದ ಒಕೋಯೆ ಎಂಬ ಸೇನಾನಾಯಕಿಯನ್ನು ನೆನಪಿಸಿಕೊಳ್ಳಿ. ಡನಾಯ್ ಗುರಿರಾ ತಲೆ ಬೋಳಿಸಿಕೊಂಡು ಮಾಡಿದ ಪಾತ್ರ. ಜೂಜುಮನೆಯೊಳಗೆ ಗುರುತು ಸಿಗದಿರಲೆಂದು ವಿಗ್ ಹಾಕಿರುತ್ತಾಳೆ, ಅದು ಅವಳಿಗೆ ಅಸಹ್ಯ. ಜಗಳ ಹತ್ತಿದ ಕೂಡಲೇ ಅದನ್ನು ಕಿತ್ತು ಎದುರಾಳಿಯ ಮುಖಕ್ಕೇ ಎಸೆಯುತ್ತಾಳೆ. ಕಪ್ಪು ಬಣ್ಣ, ಬೋಳು ತಲೆ, ಕೈಯಲ್ಲಿ ಈಟಿ. ಥಿಯೇಟರಿನಲ್ಲಿ ಎಲ್ಲರಿಗೂ ಎದ್ದು ಕಾಣುತ್ತಿದ್ದಳು. ಲೈಟು ಸಾಲದು ಎಂದು ಯಾರಿಗೂ ಅನ್ನಿಸಲಿಲ್ಲ.

ನಮ್ಮೂರಿನ ಕಥೆ ಬೇರೆ. ನಾಯಕಿ ಬೇಕೆಂದರೆ ಮುಂಬೈಗೆ ಫೋನು ಹೋಗುತ್ತದೆ. ಬರುವ ಹುಡುಗಿಗೆ ಕನ್ನಡ ಬರುವುದಿಲ್ಲ, ಕಂಠ ಬೆಂಗಳೂರಿನ ಯಾವುದೋ ಡಬ್ಬಿಂಗ್ ಕಲಾವಿದೆಯದು. ಆ ಕಂಠದ ಒಡತಿ ಹೇಗಿದ್ದಾಳೆಂದು ನಮಗೆ ತಿಳಿಯುವುದೇ ಇಲ್ಲ. ಹಳ್ಳಿ ಹುಡುಗಿಯ ಪಾತ್ರ ಇದ್ದರಂತೂ ಬೆಳ್ಳನೆಯವಳನ್ನು ತಂದು ಮುಖಕ್ಕೆ ಕಂದು ಬಣ್ಣ ಬಳಿಯುತ್ತಾರೆ! ಹಾಗೆ ಬಳಿಯುವ ಬದಲು ಕಂದು ಮೈಬಣ್ಣದ ಹುಡುಗಿಗೇ ಅವಕಾಶ ಕೊಟ್ಟರೆ ಏನು ಗಂಟು ಹೋಗುತ್ತದೆ? ಇದನ್ನೇ ನೋಡಿ ಬೆಳೆದವರು ಅಪಾರ್ಟ್‌ಮೆಂಟಿನ ರೂಪಕಕ್ಕೂ ಹಾಗೆಯೇ ಆರಿಸುತ್ತಾರೆ. ಆ ಹಿರಿಯರ ಮೇಲೆ ನನಗೆ ಕೋಪವಿಲ್ಲ. ಅಂದು ಎದ್ದು ನಿಂತು ಒಂದು ಮಾತು ಹೇಳದೆ ಕೂತೆನಲ್ಲ ಎಂಬ ಸಂಕಟ ಮಾತ್ರ ಇದೆ.

ಇಷ್ಟು ಬರೆದು ಮುಗಿಸಬಹುದಿತ್ತು. ಆದರೆ ಮಗಳು ದೊಡ್ಡವಳಾಗುತ್ತಿದ್ದಾಳೆ, ಕೇಳುವ ಪ್ರಶ್ನೆಗಳೂ ದೊಡ್ಡವಾಗುತ್ತಿವೆ. ಮೊನ್ನೆ ಎಕ್ಸ್-ಮೆನ್ ಎಂಬ ಮಾರ್ವೆಲ್ ವೀರರ ತಂಡದ ಚಿತ್ರಗಳನ್ನು ನೋಡುತ್ತಾ, 'ಪುಸ್ತಕದಲ್ಲಿ ಸ್ಟಾರ್ಮ್ ಇಷ್ಟು ಬೆಳ್ಳಗಿಲ್ಲವಲ್ಲ?' ಎಂದಳು. ನಿಜ. 1975ರಲ್ಲಿ ಎಕ್ಸ್-ಮೆನ್‌ಗೆ ಬಂದ ಸ್ಟಾರ್ಮ್‌ಳ ತಾಯಿ ಕೀನ್ಯಾದ ರಾಜಕುಮಾರಿ, ಪಾತ್ರದ ಬಣ್ಣ ಗಾಢ ಕಪ್ಪು. ತೆರೆಯ ಮೇಲೆ 2000ದಲ್ಲಿ ಹ್ಯಾಲಿ ಬೆರಿ, 2016ರಲ್ಲಿ ಅಲೆಕ್ಸಾಂಡ್ರಾ ಶಿಪ್. ಇಬ್ಬರೂ ಪಾತ್ರಕ್ಕಿಂತ ತಿಳಿ ಬಣ್ಣದವರು. ಇದರ ಬಗ್ಗೆ ಕಪ್ಪು ಅಮೆರಿಕನ್ನರು ನೊಂದು ಮಾತಾಡಿದ್ದಾರೆ. 1941ರಲ್ಲೇ ಹುಟ್ಟಿದ ವಂಡರ್ ವುಮನ್ ಎಂಬ ಕಾಮಿಕ್ಸ್ ನಾಯಕಿಗೆ ತನ್ನದೇ ಹೆಸರಿನ ದೊಡ್ಡ ಪರದೆಯ ಚಿತ್ರ ಸಿಕ್ಕಿದ್ದು 2017ರಲ್ಲಿ. ಆ ಪಾತ್ರಕ್ಕೆ ಗ್ಯಾಲ್ ಗಡೋಟ್ ಆಯ್ಕೆಯಾದಾಗ ಅವರ ಮೈಕಟ್ಟನ್ನೇ ಹಿಡಿದು ಆಡಿಕೊಂಡವರು ಇಲ್ಲಿಯವರೇ. ಅಷ್ಟೇಕೆ, ನಮ್ಮ ಕಮಲಾಳನ್ನೂ ಪೂರ್ತಿ ಬಿಟ್ಟಿಲ್ಲ. ಪುಸ್ತಕದಲ್ಲಿ ಅವಳ ಕೈ ಮೊರದಷ್ಟಾಗುತ್ತದೆ, ಕಾಲು ಗಳುವಿನಂತೆ ಉದ್ದವಾಗುತ್ತದೆ, ಒಡ್ಡೊಡ್ಡಾಗಿ ಕಾಣುತ್ತಾಳೆ. ಬೆಳೆಯುವ ಹುಡುಗಿಗೆ ತನ್ನ ಮೈ ಹೇಗೆ ಅನ್ನಿಸುತ್ತದೋ ಹಾಗೆ. ತೆರೆಗೆ ಬಂದಾಗ ಅದನ್ನು ತೆಗೆದು ಬಳೆಯಿಂದ ಹೊಮ್ಮುವ ನೇರಳೆ ಬೆಳಕು ಕೊಟ್ಟರು. ಚೆಂದವಾಗಿದೆ. ನಮ್ಮವರು ಓಬವ್ವನಿಗೆ ಡಾಬು ಕಟ್ಟಿದ್ದೂ ಅಂಥದೇ ಆಸೆಯಿಂದಲೋ ಏನೋ.

ಇನ್ನೂ ಒಂದು ಮಾತು ಒಪ್ಪಿಕೊಳ್ಳಲೇಬೇಕು. ಮಗಳ ಆ ರಾತ್ರಿಯ ಪ್ರಶ್ನೆಗೆ ಉತ್ತರ ಹುಡುಕುತ್ತಾ ಕೊನೆಗೆ ನಾನು ಹಾಕಿ ತೋರಿಸಿದ್ದು 1972ರ ನಾಗರಹಾವು. ಪುಟ್ಟಣ್ಣ ಕಣಗಾಲರು ಓಬವ್ವನ ಪಾತ್ರಕ್ಕೆ ಮುಂಬೈಗೆ ಹೋಗಲಿಲ್ಲ. ಬಳ್ಳಾರಿಯಲ್ಲಿ ಹುಟ್ಟಿದ ಜಯಂತಿಯವರನ್ನು ನಿಲ್ಲಿಸಿದರು. ಒಂದು ಹಾಡಿನಲ್ಲಿ ಬರುವ, ಕೆಲವೇ ನಿಮಿಷದ ಪಾತ್ರ. ಐವತ್ತು ವರ್ಷ ದಾಟಿದರೂ ಓಬವ್ವ ಎಂದಾಗ ನನ್ನ ಕಣ್ಣಿಗೆ ಬರುವುದು ಅದೇ ಮುಖ, ಅದೇ ಕಣ್ಣು. ಕಮಲಾ ಹುಟ್ಟುವುದಕ್ಕೆ ನಾಲ್ಕು ದಶಕ ಮೊದಲೇ ನಮ್ಮಲ್ಲಿ ಇದು ಆಗಿತ್ತು.

ಮಗಳು ಆ ಹಾಡನ್ನು ಮೂರು ಸಲ ನೋಡಿದಳು. ಮೂರನೆಯ ಸಲ ಬಿದ್ದ ಸೈನಿಕರನ್ನು ಎಣಿಸಿದಳು. ಆಮೇಲೆ ಅಜ್ಜಿಗೆ ಫೋನು ಮಾಡಿ ಒನಕೆ ಬೇಕೆಂದಳು. ಅಟ್ಟದ ಮೇಲಿನದು ಯಾವ ಸೂಟ್‌ಕೇಸಿಗೂ ಹಿಡಿಸುವುದಿಲ್ಲ. ಅಮ್ಮ ಬಡಗಿಗೆ ಹೇಳಿ ಎರಡೂವರೆ ಅಡಿಯದೊಂದು ಮಾಡಿಸಿದ್ದಾಳೆ, ತುದಿಗೆ ಕಬ್ಬಿಣದ ಬಳೆಯೂ ಇದೆಯಂತೆ. ಯುಗಾದಿಗೆ ಮುಂಚೆ ಊರಿನಿಂದ ಬರುವ ಸ್ನೇಹಿತರ ಸಾಮಾನಿನಲ್ಲಿ ಅದು ಬರುತ್ತದೆ. ಇಲ್ಲಿನ ನಮ್ಮ ಕನ್ನಡ ಕೂಟದ ಕಾರ್ಯಕ್ರಮಕ್ಕೆ ಮಗಳ ಹೆಸರನ್ನು ನಾನೇ ಬರೆಸಿದ್ದೇನೆ. ಅಲ್ಲಿಯವರೆಗೆ ಪೊರಕೆ ಹಿಡಿದು ಅಭ್ಯಾಸ ನಡೆದಿದೆ.