ಮನು ಹೇಳಿದ್ದು ಸ್ನಾನ, ಭಕ್ತರು ಕೇಳಿದ್ದು ಜೀವಾವಧಿ

ನಮ್ಮ ದೇಶದಲ್ಲಿ ಸರ್ವಧರ್ಮ ಸಮನ್ವಯ ಬರೀ ಭಾಷಣದ ಮಾತು ಅಂತ ಗೊಣಗುವವರು ಸುಪ್ರೀಂ ಕೋರ್ಟಿನ ಹಳೆಯ ಫೈಲೊಂದನ್ನು ತೆಗೆದು ನೋಡಬೇಕು. 2009ರ ಜುಲೈ 2ರಂದು ದೆಹಲಿ ಹೈಕೋರ್ಟು ಒಂದು ತೀರ್ಪು ಕೊಟ್ಟಿತು. ವಯಸ್ಸಿಗೆ ಬಂದ ಇಬ್ಬರು ಒಪ್ಪಿಕೊಂಡು, ಬಾಗಿಲು ಹಾಕಿಕೊಂಡು ಏನು ಮಾಡಿದರೂ ಅದು ಅಪರಾಧವಲ್ಲ, ಅವರ ಮೇಲೆ ಸಲಿಂಗಕಾಮವನ್ನು ಅಪರಾಧ ಅನ್ನುವ ಐಪಿಸಿ ಸೆಕ್ಷನ್ 377 ಹಾಕುವಂತಿಲ್ಲ ಅಂದಿತು. ಅಷ್ಟೇ ಸಾಕಾಯಿತು. ಮೇಲ್ಮನವಿ ಹಾಕಲು ಸಾಲು ನಿಂತಿತು. ಮೊದಲು ಓಡಿದವರು ಒಬ್ಬ ಜ್ಯೋತಿಷಿ. ಅವರ ಹಿಂದೆ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿ. ಅದರ ಹಿಂದೆ ಉತ್ಕಲ ಕ್ರಿಶ್ಚಿಯನ್ ಕೌನ್ಸಿಲ್, ಅಪೊಸ್ಟಲಿಕ್ ಚರ್ಚುಗಳ ಒಕ್ಕೂಟ, ಸನಾತನ ಧರ್ಮದ ಒಂದು ಪ್ರತಿನಿಧಿ ಸಭಾ. ಜೊತೆಗೆ ಕ್ರಾಂತಿಕಾರಿ ಮನುವಾದಿ ಮೋರ್ಚಾ. ಕ್ರಾಂತಿಕಾರಿಯೂ ಹೌದು, ಮನುವಾದಿಯೂ ಹೌದು, ಎರಡೂ ಒಂದೇ ಬೋರ್ಡಿನಲ್ಲಿ!

ದೇವರು ಒಬ್ಬನೋ ಮೂವರೋ ಮುಕ್ಕೋಟಿಯೋ ಅನ್ನೋದರಲ್ಲಿ ಇವರಿಗೆ ಒಮ್ಮತವಿಲ್ಲ. ಸತ್ತವರನ್ನು ಹೂಳಬೇಕೋ ಸುಡಬೇಕೋ, ಏನು ತಿನ್ನಬೇಕು, ಎಷ್ಟು ಜೋರಾಗಿ ಮೈಕ್ ಹಾಕಬೇಕು, ಯಾವುದರಲ್ಲೂ ಇಲ್ಲ. ಆದರೆ ಪಕ್ಕದ ಮನೆಯಲ್ಲಿ ದೀಪ ಆರಿದ ಮೇಲೆ ಇಬ್ಬರು ಗಂಡಸರು ಏನು ಮಾಡಬಾರದು ಅಂತ ಕೇಳಿ ನೋಡಿ. ಎಲ್ಲರದ್ದೂ ಒಂದೇ ದನಿ. ಹಬ್ಬ ಬಂತೆಂದರೆ ಶಾಂತಿಸಭೆ ಕರೆದು ಕರೆದು ಸುಸ್ತಾಗುವ ಜಿಲ್ಲಾಧಿಕಾರಿಗಳು ಈ ಉಪಾಯವನ್ನು ಗಮನಿಸಬಹುದು.

ಈ ಸಾಲಿನಲ್ಲಿ ನನಗೆ ಜಾಸ್ತಿ ಇಷ್ಟವಾದವರು ಮನುವಾದಿಗಳು. ಮನುವಿನ ಹೆಸರು ಬೋರ್ಡಿನಲ್ಲಿದ್ದರೆ ಆತ ಏನು ಹೇಳಿದ್ದಾನೆ ಅಂತ ನೋಡಬೇಕಲ್ವಾ? ಮನುಸ್ಮೃತಿಯ ಹನ್ನೊಂದನೇ ಅಧ್ಯಾಯದಲ್ಲಿ ಇದರ ವಿಚಾರವಿದೆ. ದ್ವಿಜನಾದವನು ಗಂಡಸನ್ನು ಕೂಡಿದರೆ ಉಟ್ಟ ಬಟ್ಟೆಯಲ್ಲೇ ಸ್ನಾನ ಮಾಡಬೇಕು. ಹೆಂಗಸನ್ನು ಎತ್ತಿನ ಗಾಡಿಯಲ್ಲೋ, ನೀರಿನೊಳಗೋ, ಹಗಲು ಹೊತ್ತಿನಲ್ಲೋ ಕೂಡಿದರೂ ಅದೇ ಸ್ನಾನ. ಶ್ಲೋಕವೂ ಒಂದೇ, ಶಿಕ್ಷೆಯೂ ಒಂದೇ. ಮಧ್ಯಾಹ್ನದ ಸಂಸಾರವನ್ನು ನಿಷೇಧಿಸಿ ಅಂತ ಇಲ್ಲಿವರೆಗೆ ಯಾವ ಮೋರ್ಚಾನೂ ಕೋರ್ಟಿಗೆ ಹೋದ ಹಾಗಿಲ್ಲ.

ಮನು ಎಲ್ಲ ಕಡೆಯೂ ಇಷ್ಟು ಸಲೀಸಲ್ಲ. ಅದೇ ಅಧ್ಯಾಯದ ಇನ್ನೊಂದು ಕಡೆ ಗಂಡಸರ ಕೂಟವನ್ನು ಜಾತಿ ಕೆಡಿಸುವ ಕೆಲಸಗಳಲ್ಲಿ ಸೇರಿಸಿ ಪ್ರಾಯಶ್ಚಿತ್ತಕ್ಕೆ ವ್ರತ ಹೇಳಿದ್ದಾನೆ. ಆ ಪಟ್ಟಿಯಲ್ಲಿ ಇದರ ಅಕ್ಕಪಕ್ಕ ಏನೇನಿದೆ ಗೊತ್ತಾ? ಮದ್ಯದ ವಾಸನೆ ನೋಡುವುದು ಮತ್ತು ಕಪಟ. ಕುಡಿಯುವುದೂ ಬೇಡ, ಮೂಸಿದರೆ ಸಾಕು! ಮೂಸುವವರನ್ನೂ ಮೋಸ ಮಾಡುವವರನ್ನೂ ಒಳಗೆ ಹಾಕಿ ಅಂತ ಹೊರಟರೆ ನಾಳೆ ಬೆಳಿಗ್ಗೆ ಶಾಸನಸಭೆಗಳಲ್ಲಿ ಕೋರಂ ಇರುವುದಿಲ್ಲ. ಹೆಂಗಸೊಬ್ಬಳು ಕನ್ಯೆಯನ್ನು ಕೆಡಿಸಿದರೆ ಮಾತ್ರ ಆತ ತಲೆ ಬೋಳಿಸು, ಬೆರಳು ಕತ್ತರಿಸು ಅನ್ನುವಲ್ಲಿಗೆ ಹೋಗುತ್ತಾನೆ. ಹೆಂಗಸರ ವಿಷಯ ಬಂದಾಗ ಆತನ ಕೈ ಯಾವತ್ತೂ ಭಾರವೇ.

ಆದರೆ ಗಂಡಸರಿಗೆ ಸ್ನಾನ, ಹೆಚ್ಚೆಂದರೆ ವ್ರತ. ಮನುವಾದಿಗಳು ಕೇಳಿದ್ದು ಸೆಕ್ಷನ್ 377. ಅದರಲ್ಲಿದ್ದದ್ದು ಜೀವಾವಧಿ, ಇಲ್ಲವೇ ಹತ್ತು ವರ್ಷದ ತನಕ ಜೈಲು, ಮೇಲೆ ದಂಡ. ಇದನ್ನು ಬರೆದವರು ಯಾವ ಋಷಿಯೂ ಅಲ್ಲ. ಬ್ರಿಟಿಷರ ಕಾಲದ ಮೆಕಾಲೆಯ ಆಯೋಗ ಕರಡು ಮಾಡಿತು, 1860ರಲ್ಲಿ ಕಾನೂನಾಯಿತು. ಅದರ ಬೇರು ಹುಡುಕಿಕೊಂಡು ಹೋದರೆ ಸಿಗುವುದು 1533ರಲ್ಲಿ ಇಂಗ್ಲೆಂಡಿನ ಎಂಟನೇ ಹೆನ್ರಿ ತಂದ ಕಾಯ್ದೆ. ಶಿಕ್ಷೆ ಮರಣದಂಡನೆ. ಈ ಹೆನ್ರಿ ಯಾರು ಅಂದರೆ, ಮೊದಲ ಹೆಂಡತಿಯನ್ನು ಬಿಡಲು ಪೋಪನ ಜೊತೆಗೇ ಜಗಳ ಕಾದು, ಒಟ್ಟು ಆರು ಮದುವೆಯಾಗಿ, ಇಬ್ಬರ ತಲೆ ತೆಗೆಸಿದ ಪುಣ್ಯಾತ್ಮ. ಕುಟುಂಬ ವ್ಯವಸ್ಥೆಯ ಪಾವಿತ್ರ್ಯ ಕಾಪಾಡಲು ನಮ್ಮ ಧರ್ಮರಕ್ಷಕರಿಗೆ ಸಿಕ್ಕ ಮೂಲಪುರುಷ ಇವನು. ಇಂಗ್ಲೆಂಡಿನವರೇ 1967ರಲ್ಲಿ ಈ ವಿಷಯದಲ್ಲಿ ಕಾನೂನು ಸಡಿಲ ಮಾಡಿಕೊಂಡರು. ಮನೆ ಖಾಲಿ ಮಾಡಿಹೋದವನು ಬಿಟ್ಟ ಬೀಗಕ್ಕೆ ಕುಂಕುಮ ಹಚ್ಚಿ ಇದೇ ನಮ್ಮ ಮನೆದೇವರು ಅಂದ ಹಾಗಾಯಿತು ನಮ್ಮ ಕಥೆ.

2013ರ ಡಿಸೆಂಬರ್ 11ರಂದು ದೆಹಲಿಯ ತೀರ್ಪು ಬಿದ್ದು, ಮೇಲ್ಮನವಿ ಹಾಕಿದ ಎಲ್ಲರಿಗೂ ಜಯ ಸಿಕ್ಕಿತು. ಸಲಿಂಗಿಗಳು ಬಹಳ ಕಮ್ಮಿ ಜನ, 150 ವರ್ಷದಲ್ಲಿ ಈ ಸೆಕ್ಷನ್ನಿನಡಿ ಕೇಸು ಎದುರಿಸಿದವರು 200 ಜನವೂ ಇಲ್ಲ ಅಂತ ಸುಪ್ರೀಂ ಕೋರ್ಟು ಹೇಳಿತು. ತಲೆ ಕಮ್ಮಿ ಇದ್ದರೆ ಹಕ್ಕೂ ಕಮ್ಮಿ! ಅಲ್ಪಸಂಖ್ಯಾತ ಸಮುದಾಯಗಳ ಸಂಘಟನೆಗಳೂ ಈ ತೀರ್ಪನ್ನು ಸ್ವಾಗತಿಸಿದವು. ಯೋಗಗುರು ರಾಮ್‌ದೇವ್ ನಮ್ಮ ಆಶ್ರಮಕ್ಕೆ ಬನ್ನಿ, ವಾಸಿ ಮಾಡ್ತೀನಿ ಅಂದರು. 2018ರ ಸೆಪ್ಟೆಂಬರ್ 6ರಂದು ಅದೇ ಕೋರ್ಟಿನ ಐವರು ನ್ಯಾಯಮೂರ್ತಿಗಳು ಇದೆಲ್ಲವನ್ನೂ ತಿರುಗಿಸಿ ಹಾಕಿದರು. ಜ್ಯೋತಿಷಿಗಳಿಗೆ ಇದು ಮೊದಲೇ ಕಂಡಿತ್ತೋ ಇಲ್ಲವೋ, ಗೊತ್ತಾಗಲಿಲ್ಲ.

ಆಮೇಲೆ ಮದುವೆಯ ಪ್ರಶ್ನೆ ಬಂತು. 2023ರ ಏಪ್ರಿಲ್‌ನಲ್ಲಿ ಭಾರತೀಯ ವಕೀಲರ ಪರಿಷತ್ತು ಒಂದು ನಿರ್ಣಯ ಮಾಡಿತು. ನಮ್ಮದು ಬಗೆಬಗೆಯ ನಂಬಿಕೆಗಳ ದೇಶ ಅಂದಿತು. ಅದೇ ಕಾಗದದಲ್ಲಿ, ದೇಶದ ಶೇ 99.9ಕ್ಕಿಂತ ಹೆಚ್ಚು ಜನ ಸಲಿಂಗ ಮದುವೆಗೆ ವಿರುದ್ಧ ಅಂತಲೂ ಅಂದಿತು. ಬಗೆಬಗೆಯ ನಂಬಿಕೆಗಳು ಆ ಉಳಿದ 0.1ರಲ್ಲಿ ಮುದುಡಿಕೊಂಡು ಕೂತಿರಬೇಕು.

ಸುಮ್ನೆ ಒಂದು ಲೆಕ್ಕ ಹಾಕೋಣ. 140 ಕೋಟಿಯಲ್ಲಿ ಶೇ 0.1 ಅಂದರೆ 14 ಲಕ್ಷ. ಇತ್ತ ಸರ್ಕಾರವೇ 377ರ ಕೇಸಿನಲ್ಲಿ ಸುಪ್ರೀಂ ಕೋರ್ಟಿಗೆ ಕೊಟ್ಟ ಅಂದಾಜಿನ ಪ್ರಕಾರ ಗಂಡಸರ ಜೊತೆ ಸಂಬಂಧವಿರುವ ಗಂಡಸರೇ ಸುಮಾರು 25 ಲಕ್ಷ. ಹೆಂಗಸರ ಲೆಕ್ಕ ಅದರಲ್ಲಿ ಇಲ್ಲ. ಅಂದರೆ ಕನಿಷ್ಠ 11 ಲಕ್ಷ ಜನ ತಮ್ಮ ಮದುವೆಗೆ ತಾವೇ ಅಡ್ಡಗಾಲು ಹಾಕಿಕೊಂಡು ನಿಂತಿದ್ದಾರೆ. ಅವರ ಅಕ್ಕತಂಗಿಯರು, ಗೆಳೆಯರು, ಅವರ ಪರ ಕೋರ್ಟಿನಲ್ಲಿ ವಾದಿಸಿದ ವಕೀಲರು, ಎಲ್ಲರೂ ವಿರುದ್ಧ. ಅದೇ ವರ್ಷ ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ ಭಾರತದಲ್ಲಿ ಕೇಳಿದಾಗ ಶೇ 53 ಜನ ಮದುವೆಗೆ ಅವಕಾಶ ಇರಲಿ ಅಂದಿದ್ದರು. ಅಷ್ಟೊಂದು ಜನ 0.1ರೊಳಗೆ ಹೇಗೆ ಹಿಡಿಸಿದರು ಅಂತ ಪರಿಷತ್ತೇ ಹೇಳಬೇಕು. ಅಕ್ಟೋಬರಿನಲ್ಲಿ ಕೋರ್ಟು ಮದುವೆಯ ಹಕ್ಕು ಕೊಡಲಿಲ್ಲ, ಅದು ಬೇರೆ ಮಾತು.

ಇನ್ನೊಂದು ವಿಷಯ ಬಹಳ ಜನರ ಗಮನಕ್ಕೆ ಬಂದಿಲ್ಲ. 377 ಇಲ್ಲದಿದ್ದರೆ ಮಕ್ಕಳನ್ನು ಯಾರು ಕಾಯುತ್ತಾರೆ, ಬಲಾತ್ಕಾರಕ್ಕೆ ಸಿಕ್ಕವರಿಗೆ ಯಾರು ದಿಕ್ಕು ಅಂತ ಆಗ ಬಹಳ ಕಣ್ಣೀರು ಹರಿದಿತ್ತು. 2018ರ ತೀರ್ಪು ಅದಕ್ಕೂ ಜಾಗ ಬಿಟ್ಟಿತ್ತು. ಒಪ್ಪಿಗೆ ಇಲ್ಲದ ಕಡೆ ಸೆಕ್ಷನ್ ಹಾಗೇ ಇರಲಿ ಅಂದಿತ್ತು. 2024ರ ಜುಲೈ 1ರಂದು ಐಪಿಸಿ ಬದಲಿಗೆ ಹೊಸ ಭಾರತೀಯ ನ್ಯಾಯ ಸಂಹಿತೆ ಬಂತು. ಅದರಲ್ಲಿ 377 ಪೂರ್ತಿ ಮಾಯ, ಬಲಾತ್ಕಾರದ ಭಾಗವೂ ಸೇರಿ. ಆ ಭಾಗ ಉಳಿಸಿಕೊಳ್ಳಿ ಅಂತ ಸಂಸದೀಯ ಸ್ಥಾಯಿ ಸಮಿತಿ ಮೊದಲೇ ಬರೆದುಕೊಟ್ಟಿತ್ತು, ಯಾರೂ ಕೇಳಲಿಲ್ಲ. ಮಕ್ಕಳಿಗೆ ಪೋಕ್ಸೊ ಇದೆ. ವಯಸ್ಸಿಗೆ ಬಂದ ಗಂಡಸಿನ ಮೇಲೆ ಅತ್ಯಾಚಾರವಾದರೆ ಠಾಣೆಯಲ್ಲಿ ಬರೆದುಕೊಳ್ಳಲು ಅತ್ಯಾಚಾರದ ಸೆಕ್ಷನ್ನೇ ಇಲ್ಲ. ಹಲ್ಲೆ, ಗಾಯ ಅಂತ ಬರೆದುಕೊಳ್ಳಬೇಕು.

ಈ ಸಲ ಮಠ, ಮಸೀದಿ, ಚರ್ಚುಗಳ ಕಡೆಯಿಂದ ಗದ್ದಲ ಕೇಳಿಸಲಿಲ್ಲ. ಇದನ್ನು ಪ್ರಶ್ನಿಸಿ ದೆಹಲಿ ಹೈಕೋರ್ಟಿನ ಮೆಟ್ಟಿಲು ಹತ್ತಿದ್ದು ಒಬ್ಬ ವಕೀಲರು. ಅವರ ಅರ್ಜಿಯ ಮೇಲೆ ಸಭಾ, ಮಂಡಳಿ, ಮೋರ್ಚಾ ಅಂತ ಯಾವ ಬೋರ್ಡೂ ಇರಲಿಲ್ಲ.