ಒಂದು ಫಾಲ್ಸ್ ಸ್ಟಾರ್ಟ್, ಅಲ್ಲಿಗೆ ಓಟ ಮುಗಿಯಿತು: ಈ ನಿಯಮ ಇರಬೇಕೇ?

2023ರ ಅಕ್ಟೋಬರ್ 1, ಹಾಂಗ್‌ಝೌ ಏಷ್ಯನ್ ಗೇಮ್ಸ್, ಮಹಿಳೆಯರ 100 ಮೀಟರ್ ಹರ್ಡಲ್ಸ್ ಫೈನಲ್. 4ನೇ ಲೇನ್‌ನಲ್ಲಿದ್ದ ಚೀನಾದ ವು ಯಾನಿ ಗುಂಡಿನ ಸದ್ದಿಗೂ ಮೊದಲೇ ಎದ್ದುಬಿಟ್ಟರು. ಅವರ ಬೆನ್ನಿಗೇ 5ನೇ ಲೇನ್‌ನ ಭಾರತದ ಜ್ಯೋತಿ ಯರ್ರಾಜಿಯೂ ಎದ್ದರು. ಇಬ್ಬರೂ ಹೊರಕ್ಕೆ ಎಂದಾಯಿತು. ಜ್ಯೋತಿ ಒಪ್ಪಲಿಲ್ಲ. ಅಧಿಕಾರಿಗಳು ವಿಡಿಯೊ ನೋಡಿ, ಕೊನೆಗೆ ಇಬ್ಬರಿಗೂ ಓಡಲು ಬಿಟ್ಟರು. ಚೀನಾದ ಲಿನ್ ಯುವೇ 12.74 ಸೆಕೆಂಡಿನಲ್ಲಿ ಗೆದ್ದರು; ವು ಎರಡನೆಯವರು, ಜ್ಯೋತಿ 12.91ರಲ್ಲಿ ಮೂರನೆಯವರು. ಆಮೇಲೆ ವು ಅನರ್ಹರಾದರು, ಜ್ಯೋತಿಗೆ ಬೆಳ್ಳಿ ಬಂತು, ಜಪಾನಿನ ಯುಮಿ ತನಾಕಾಗೆ ಕಂಚು ಸಿಕ್ಕಿತು. ಹೀಗೆ ಸದ್ದಿಗೆ ಮೊದಲೇ ಏಳುವುದೇ ಫಾಲ್ಸ್ ಸ್ಟಾರ್ಟ್; ಮೊದಲ ತಪ್ಪಿಗೇ ಓಟಗಾರರನ್ನು ಹೊರಹಾಕುವ ನಿಯಮದ ಬಗ್ಗೆ ಚರ್ಚೆ ಮತ್ತೆ ಎದ್ದದ್ದು ಅಲ್ಲಿಂದ.

ಪರ: ನಿಯಮ ಸರಿಯಿದೆ, ಎಡವಿದ್ದು ಜಾರಿಯಲ್ಲಿ

ಈ ನಿಯಮವನ್ನು ಬೈಯುವವರು ಅದಕ್ಕೂ ಹಿಂದೆ ಏನಿತ್ತು ಎಂದು ಒಮ್ಮೆ ನೆನೆಯಬೇಕು. 2002ರವರೆಗೆ ಪ್ರತಿಯೊಬ್ಬರಿಗೂ ಒಂದೊಂದು ತಪ್ಪು ಮಾಫಿ. ಎಂಟು ಜನರ ಓಟದಲ್ಲಿ ಎಂಟು ಸಲ ಓಟ ನಿಂತರೂ ಯಾರೂ ಮನೆಗೆ ಹೋಗಬೇಕಿರಲಿಲ್ಲ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನ ಪುರುಷರ 100 ಮೀಟರ್ ಫೈನಲ್ ಹೀಗೆಯೇ ಮತ್ತೆ ಮತ್ತೆ ನಿಂತು, ಲಿನ್‌ಫರ್ಡ್ ಕ್ರಿಸ್ಟಿ ಎರಡನೇ ತಪ್ಪಿಗೆ ಹೊರಬಿದ್ದರು.

2003ರಲ್ಲಿ ಬಂದ ತಿದ್ದುಪಡಿ ಇನ್ನೂ ಕೆಟ್ಟದು. ಮೊದಲ ತಪ್ಪು ಯಾರದೇ ಆಗಿರಲಿ, ಎಚ್ಚರಿಕೆ ಎಲ್ಲರಿಗೂ ಸೇರಿ ಒಂದೇ. ಎರಡನೆಯದನ್ನು ಮಾಡಿದವರು ಹೊರಗೆ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಸ್ಟಾರ್ಟ್ ನಿಧಾನವಿದ್ದವರಿಗೆ ಅದು ಒಳ್ಳೆಯ ಆಯುಧವಾಯಿತು: ಬೇಕೆಂದೇ ಮೊದಲು ಜಿಗಿದರೆ ಸಾಕು, ಚುರುಕಾಗಿ ಏಳುವವರೆಲ್ಲ ಮುಂದಿನ ಸಲ ಹೆದರಿ ಬ್ಲಾಕಿಗೆ (ಓಟ ಶುರುವಾಗುವಾಗ ಪಾದ ಊರಿ ಒತ್ತುವ ಸಲಕರಣೆ) ಅಂಟಿಕೊಳ್ಳುತ್ತಾರೆ. ತಪ್ಪು ಒಬ್ಬರದು, ದಂಡ ಏಳು ಜನರಿಗೆ. ಅದೇ ವರ್ಷ ಪ್ಯಾರಿಸ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಮೆರಿಕದ ಜಾನ್ ಡ್ರಮಂಡ್ ತಮ್ಮನ್ನು ಹೊರಹಾಕಿದ್ದಕ್ಕೆ ಟ್ರ್ಯಾಕ್ ಮೇಲೆ ಅಂಗಾತ ಮಲಗಿ ಪ್ರತಿಭಟಿಸಿದ್ದು ಈ ನಿಯಮದ ಕಾಲದಲ್ಲೇ.

ಓಟ ನಿಂತು ಮತ್ತೆ ಶುರುವಾದರೆ ಏನು ಮಹಾ ನಷ್ಟ ಎಂದು ಕೇಳುವವರಿದ್ದಾರೆ. ಗುಂಡು ಹಾರಿಸುವ ಮುನ್ನ ಸ್ಟಾರ್ಟರ್ (ಓಟ ಶುರುಮಾಡಿಸುವ ಅಧಿಕಾರಿ) 'ಸೆಟ್' ಎಂದಾಗ ಸೊಂಟ ಭುಜಕ್ಕಿಂತ ಮೇಲೇರುತ್ತದೆ, ಭಾರದ ದೊಡ್ಡ ಪಾಲು ಬೆರಳುಗಳ ಮೇಲೆ ಬೀಳುತ್ತದೆ, ಎರಡೂ ಪಾದ ಬ್ಲಾಕಿನ ಪ್ಲೇಟನ್ನು ಒತ್ತಿಹಿಡಿದಿರುತ್ತವೆ. ಹಾಗೆ ಬಿಗಿದ ಕಾಲನ್ನು ಸಿಡಿಸಿ, ಇಪ್ಪತ್ತು ಮೀಟರ್ ಓಡಿ, ನಿಂತು, ನಡೆದು ಬಂದು ಮತ್ತೆ ಕೂರುವುದೆಂದರೆ ಒಳ್ಳೆಯ ಸ್ಟಾರ್ಟ್ ಒಂದನ್ನು ಖರ್ಚು ಮಾಡಿದಂತೆಯೇ. ತಪ್ಪೇ ಮಾಡದವರು ಆ ಖರ್ಚನ್ನು ಯಾಕೆ ಹೊರಬೇಕು?

2010ರ ಜನವರಿಯಿಂದ ಜಾರಿಗೆ ಬಂದ ಈಗಿನ ನಿಯಮದಲ್ಲಿ ಈ ಆಟ ನಡೆಯುವುದಿಲ್ಲ. ಹೆಸರು ನೋಡಿ ಬಿಡುವುದೂ ಇಲ್ಲ. 2011ರಲ್ಲಿ ಡೇಗು ವಿಶ್ವ ಚಾಂಪಿಯನ್‌ಷಿಪ್‌ನ 100 ಮೀಟರ್ ಫೈನಲ್‌ನಲ್ಲಿ ಉಸೇನ್ ಬೋಲ್ಟ್ ಮೊದಲೇ ಎದ್ದರು, ಹೊರಗೆ ಹೋದರು. ಯೋಹಾನ್ ಬ್ಲೇಕ್ 9.92ರಲ್ಲಿ ಗೆದ್ದರು. ಟಿವಿಯವರಿಗೆ ನಷ್ಟವಾಗಿರಬಹುದು, ಓಟಕ್ಕಲ್ಲ.

ಹಾಂಗ್‌ಝೌ ಗೊಂದಲಕ್ಕೂ ನಿಯಮ ಕಾರಣವಲ್ಲ. ಒಬ್ಬರು ಮೊದಲು ಎದ್ದರೆ ಪಕ್ಕದವರೂ ಏಳುವುದು ಸಹಜ, ಆದ್ದರಿಂದ ತಪ್ಪಿಗೆ ಕಾರಣರಾದವರನ್ನು ಮಾತ್ರ ಹೊರಹಾಕಬೇಕು ಎಂದು ನಿಯಮದ ಟಿಪ್ಪಣಿಯೇ ಹೇಳುತ್ತದೆ. ಅದನ್ನು ಆಗಲೇ ಪಾಲಿಸಿದ್ದರೆ ವು ಹೊರಗೆ, ಜ್ಯೋತಿ ಒಳಗೆ. ಪದಕದ ಬಣ್ಣ ಬದಲಿಸುವ ಪ್ರಮೇಯವೇ ಇರುತ್ತಿರಲಿಲ್ಲ.

ಓಟಗಾರರು ಮಾಡಬೇಕಾದ್ದೂ ಇದೆ. ಅಭ್ಯಾಸದಲ್ಲಿ ಕೋಚ್ ಪ್ರತಿಸಲವೂ ಒಂದೇ ಲಯದಲ್ಲಿ ಚಪ್ಪಾಳೆ ತಟ್ಟಿದರೆ ಕಿವಿ ಕೇಳುವುದನ್ನು ಬಿಟ್ಟು ಲೆಕ್ಕ ಹಾಕಲು ಕಲಿಯುತ್ತದೆ. 'ಸೆಟ್' ಆದ ಮೇಲೆ ಒಮ್ಮೆ ಒಂದು ಸೆಕೆಂಡ್, ಒಮ್ಮೆ ಎರಡೂವರೆ, ಕೆಲವೊಮ್ಮೆ ಸದ್ದೇ ಮಾಡದೆ 'ಎದ್ದೇಳಿ' ಎನ್ನಬೇಕು. ಊಹೆ ಮಾಡುವ ಚಟ ಬಿಡಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ವಿರೋಧ: ಸೆಕೆಂಡಿನ ಸಾವಿರದಲ್ಲೊಂದು ಪಾಲಿಗೆ ಇಷ್ಟು ದೊಡ್ಡ ಶಿಕ್ಷೆಯೇ?

ಶಿಕ್ಷೆ ಕಟುವಾದಷ್ಟೂ ಅಳತೆ ಪಕ್ಕಾ ಇರಬೇಕು. ಇಲ್ಲಿ ಅಳತೆಯೇ ಅಲುಗಾಡುತ್ತದೆ.

ದೊಡ್ಡ ಕೂಟಗಳಲ್ಲಿ ಬ್ಲಾಕಿನೊಳಗಿನ ಸೆನ್ಸರ್ ಪಾದದ ಒತ್ತಡವನ್ನು ದಾಖಲಿಸುತ್ತದೆ. ಗುಂಡಿನ ಸದ್ದಾಗಿ 0.100 ಸೆಕೆಂಡಿನೊಳಗೆ ಒತ್ತಡ ಏರಿದರೆ ಫಾಲ್ಸ್ ಸ್ಟಾರ್ಟ್. ಮನುಷ್ಯ ಸದ್ದು ಕೇಳಿ ಅದಕ್ಕಿಂತ ಬೇಗ ಕಾಲು ಒತ್ತಲಾರ ಎಂಬುದು ಇದರ ಹಿಂದಿನ ನಂಬಿಕೆ. ಆ ಗಡಿ ಇನ್ನೂ ಕೆಳಗಿರಬೇಕು ಎಂದ ಅಧ್ಯಯನಗಳು ಬಂದು ವರ್ಷಗಳೇ ಆದವು. ಆದರೂ 2022ರಲ್ಲಿ ಯೂಜೀನ್ ವಿಶ್ವ ಚಾಂಪಿಯನ್‌ಷಿಪ್‌ನ 110 ಮೀಟರ್ ಹರ್ಡಲ್ಸ್ ಫೈನಲ್‌ನಿಂದ ಡೆವೊನ್ ಆಲನ್ ಹೊರಬಿದ್ದದ್ದು 0.099ಕ್ಕೆ. ಕಣ್ಣಿಗೆ ಕಾಣದ, ವಿಡಿಯೊಗೂ ಸಿಗದ, ಸೆಕೆಂಡಿನ ಸಾವಿರದಲ್ಲೊಂದು ಪಾಲು. ಅದೇ 0.100 ಆಗಿದ್ದರೆ 'ಅದ್ಭುತ ಸ್ಟಾರ್ಟ್' ಎಂದು ಹೊಗಳುತ್ತಿದ್ದರು.

ಸಲಕರಣೆಯ ಕಥೆ ಇನ್ನೂ ಇದೆ. ಲೇನ್ ಅಗಲ 1.22 ಮೀಟರ್; 1ನೇ ಲೇನ್‌ನ ಮಧ್ಯದಿಂದ 8ನೆಯದರ ಮಧ್ಯಕ್ಕೆ ಸುಮಾರು ಎಂಟೂವರೆ ಮೀಟರ್. ಸದ್ದು ಅಷ್ಟು ದೂರ ಹೋಗಲು ಸುಮಾರು 0.025 ಸೆಕೆಂಡ್ ಬೇಕು. ಅದಕ್ಕೇ ಪ್ರತಿ ಬ್ಲಾಕಿನ ಹಿಂದೆ ಒಂದು ಸ್ಪೀಕರ್ ಇಡುತ್ತಾರೆ. ಒಂದರ ಕೇಬಲ್ ಸಡಿಲವಾದರೂ ಆ ಲೇನ್‌ನವರು ಪಕ್ಕದ ಸ್ಪೀಕರ್ ನಂಬಿ ಓಡಬೇಕು. ಬ್ಲಾಕಿನ ಮೊಳೆ ಟ್ರ್ಯಾಕಿಗೆ ಸರಿಯಾಗಿ ಕಚ್ಚದೆ ಜಾರಿದರೆ ಒತ್ತಡದ ಗೆರೆಯೂ ಕೆಡುತ್ತದೆ. ಸ್ಟಾರ್ಟರ್ ಪರದೆಯಲ್ಲಿ ಆ ಗೆರೆಯ ಆಕಾರ ನೋಡಬೇಕಾದ್ದು ಇದಕ್ಕೇ. ಬರೀ ಅಂಕಿ ನೋಡಿ ಹೊರಹಾಕುವ ಕಾರ್ಡ್ ತೆಗೆಯುವುದು ಸೋಮಾರಿತನ.

ಇನ್ನು 'ಕಾರಣರಾದವರು ಮಾತ್ರ' ಎಂಬ ಟಿಪ್ಪಣಿ. ಅದನ್ನು ತೀರ್ಮಾನಿಸುವವರು ಯಾರು? ಸ್ಟಾರ್ಟರ್, ಅವರ ಜೊತೆಗಿದ್ದು ತಪ್ಪು ಕಂಡರೆ ಓಟ ನಿಲ್ಲಿಸುವ ರೀಕಾಲರ್‌ಗಳು, ಆಮೇಲೆ ರೆಫರಿ. 'ಸೆಟ್'ನಲ್ಲಿ ಓಟಗಾರರು ನೆಲ ನೋಡುತ್ತಿರುತ್ತಾರೆ. ಪಕ್ಕದವರ ಸ್ಪೈಕ್ (ಮೊಳೆ ಬೂಟು) ಪ್ಲೇಟಿನಿಂದ ಬಿಟ್ಟ ಸದ್ದು ಕಿವಿಗೆ ಬಿದ್ದರೆ ಮೈ ತಾನಾಗಿ ಏಳುತ್ತದೆ. ಹೀಗೆ ಎದ್ದವರು ಯಾರು, ಊಹಿಸಿ ಎದ್ದವರು ಯಾರು ಎಂದು ಆತಿಥೇಯರ ಕ್ರೀಡಾಂಗಣದಲ್ಲಿ, ಕೂಗುವ ಜನರ ನಡುವೆ, ಎರಡು ನಿಮಿಷದಲ್ಲಿ ಹೇಳಬೇಕು. ಹಾಂಗ್‌ಝೌನಲ್ಲಿ ತಡವರಿಸಿದ್ದು ಆಶ್ಚರ್ಯವೇನಲ್ಲ. ಜ್ಯೋತಿ ಪಟ್ಟುಹಿಡಿದು ನಿಲ್ಲದಿದ್ದರೆ ಇಬ್ಬರನ್ನೂ ಕಳಿಸಿ ಓಟ ಮುಗಿಸುತ್ತಿದ್ದರು. ಜಾರಿ ತಪ್ಪಿತು, ನಿಯಮ ಸರಿ ಎನ್ನುವುದು ಸುಲಭ. ಆದರೆ ಹೀಗೆ ಜಾರಿ ತಪ್ಪಲು ದಾರಿ ಮಾಡಿಕೊಟ್ಟದ್ದು ಒಂದೇ ತಪ್ಪಿಗೆ ಎಲ್ಲವನ್ನೂ ಕಿತ್ತುಕೊಳ್ಳುವ ನಿಯಮವೇ.

ನಮ್ಮ ತಾಲೂಕು, ಜಿಲ್ಲಾ ಕೂಟಗಳನ್ನೂ ನೋಡಿ. ಸೆನ್ಸರ್ ಇಲ್ಲ, ಎಷ್ಟೋ ಕಡೆ ಬ್ಲಾಕೂ ಇಲ್ಲ. ಗುಂಡಿನ ಬದಲು ಮರದ ಕ್ಲ್ಯಾಪರ್. ವರ್ಷವಿಡೀ ಅಭ್ಯಾಸ ಮಾಡಿ ಬಂದ ಹದಿನಾಲ್ಕರ ಹುಡುಗಿ ಪಕ್ಕದವಳು ಅಲುಗಿದ್ದಕ್ಕೆ ಅಲುಗಿದರೆ ಅವಳ ಕೂಟ ಅಲ್ಲಿಗೇ ಮುಗಿಯಿತು, ಅದೂ ಒಬ್ಬರ ಕಣ್ಣಳತೆಯಲ್ಲಿ.

ಬದಲಿ ದಾರಿ ಇದೆ. ಹತ್ತು, ಏಳು ಸ್ಪರ್ಧೆಗಳು ಸೇರಿದ ಡೆಕಾತ್ಲಾನ್, ಹೆಪ್ಟಾತ್ಲಾನ್‌ನಲ್ಲಿ ಇವತ್ತಿಗೂ ಓಟಕ್ಕೆ ಒಂದು ತಪ್ಪು ಮಾಫಿ. ಅದರಿಂದ ಆಕಾಶವೇನೂ ಕಳಚಿ ಬಿದ್ದಿಲ್ಲ. ಎಲ್ಲರಿಗೂ ಸೇರಿ ಕೊಡುವ ಎಚ್ಚರಿಕೆಯನ್ನು ಯಾರೂ ಕೇಳುತ್ತಿಲ್ಲ. ತಪ್ಪಿದವರಿಗೆ ಮಾತ್ರ ಎಚ್ಚರಿಕೆಯ ಹಳದಿ-ಕಪ್ಪು ಕಾರ್ಡ್ ಇರಲಿ, ಮತ್ತೆ ತಪ್ಪಿದರೆ ಹೊರಹಾಕುವ ಕೆಂಪು-ಕಪ್ಪು. ಬೇಕೆಂದೇ ಜಿಗಿಯುವವರ ಲಾಭ ಅಲ್ಲಿಗೆ ಹೋಯಿತು, ಯಾಕೆಂದರೆ ಕಾರ್ಡ್ ಇರುವುದು ಅವರ ತಲೆಯ ಮೇಲೆ ಮಾತ್ರ. ಸದ್ದಿಗೆ ಮೊದಲೇ ಸ್ಪಷ್ಟವಾಗಿ ಎದ್ದವರನ್ನು ಆಗಲೇ ಕಳಿಸಲಿ. ಅಂಕಿ 0.080ರಿಂದ 0.100ರ ನಡುವೆ ಇದ್ದರೆ, ಬಾಯಿಮಾತಿನ ಪ್ರತಿಭಟನೆಗೂ ಕಾಯದೆ, ಪ್ರತಿಭಟನೆಯ ಅಡಿ, ಅಂದರೆ ತೀರ್ಮಾನ ಆಮೇಲೆ ಎಂದು, ಓಡಲು ಬಿಡಲಿ. ಫಲಿತಾಂಶ ಪ್ರಕಟವಾದ 30 ನಿಮಿಷದೊಳಗೆ ದೂರು ಕೊಡಲು ಹೇಗೂ ಅವಕಾಶವಿದೆ. ಒತ್ತಡದ ಗೆರೆಯನ್ನು, ವಿಡಿಯೊವನ್ನು ಜ್ಯೂರಿ (ಮೇಲ್ಮನವಿ ಕೇಳುವ ಮಂಡಳಿ) ಗಲಾಟೆಯಿಲ್ಲದ ಕೋಣೆಯಲ್ಲಿ ಕೂತು ನೋಡಬಹುದು. ಓಡಿದವರ ಪದಕವನ್ನು ಆಮೇಲೆ ವಾಪಸ್ ಪಡೆಯಬಹುದು, ಓಡಿಸದೆ ಕಳಿಸಿದವರಿಗೆ ಓಟವನ್ನು ಮತ್ತೆ ಕೊಡಲಾಗುವುದಿಲ್ಲ.